ವೀರಗಲ್ಲು ಯಾರಿಗೆ?

ಕಳೆದ ವರ್ಷ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಅಂತರ ಕಾಲೇಜು ಭಾಷಣ ಸ್ಪರ್ಧೆ ಇತ್ತು. ವಿಷಯ ‘ನಾನು ಮೆಚ್ಚಿದ ವೀರ’. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಬೆಳಗ್ಗೆಯಿಂದ ಭಗತ್ ಸಿಂಗ್ ಐದು ಸಲ, ಸಂಗೊಳ್ಳಿ ರಾಯಣ್ಣ ನಾಲ್ಕು ಸಲ ಬಂದು ಹೋಗಿದ್ದರು. ಎಲ್ಲ ಭಾಷಣವೂ ಒಂದೇ ನೋಟ್ಸಿನಿಂದ ಉರು ಹೊಡೆದಂತಿತ್ತು. ಊಟದ ಹೊತ್ತು ಮೀರುತ್ತಿದ್ದಾಗ ಶಿಡ್ಲಘಟ್ಟದ ಕಡೆಯ ಹುಡುಗನೊಬ್ಬ ವೇದಿಕೆಗೆ ಬಂದ. ಕೈಯಲ್ಲಿ ಚೀಟಿ ಇರಲಿಲ್ಲ. “ನಾನು ಮೆಚ್ಚಿದ ವೀರ ಲೆಫ್ಟಿನೆಂಟ್ ಒಟ್ಟೊ ಕೇರಿಯಸ್” ಎಂದು ಶುರು ಮಾಡಿದ. ಸಭೆ ಒಮ್ಮೆಲೇ ಎದ್ದು ಕೂತಿತು.

ಏಳು ನಿಮಿಷ ಆ ಹುಡುಗ ನಮ್ಮನ್ನು ಹಿಡಿದಿಟ್ಟ. ಸೇನೆಗೆ ಸೇರಲು ಹೋದಾಗ ತೂಕ ಸಾಲದೆಂದು ವಾಪಸ್ ಬಂದ ಪೀಚಲು ಹುಡುಗ; ಮುಂದೆ ಟೈಗರ್ ಟ್ಯಾಂಕಿನ ಗೋಪುರದಿಂದ ತಲೆ ಹೊರಗಿಟ್ಟು ನಿಂತ ಅಧಿಕಾರಿ; 1944ರ ಜುಲೈ 22ರಂದು ಲಾಟ್ವಿಯಾದ ಮಲಿನಾವ ಎಂಬ ಹಳ್ಳಿಯೊಳಗೆ ಕೆಲವೇ ಟೈಗರ್‌ಗಳೊಂದಿಗೆ ನುಗ್ಗಿ, ಅರ್ಧ ಗಂಟೆಯೊಳಗೆ ರಷ್ಯದ ಟ್ಯಾಂಕುಗಳ ದೊಡ್ಡ ಗುಂಪನ್ನೇ ಸುಟ್ಟು ಹಾಕಿದವನು; ಒಟ್ಟು ಲೆಕ್ಕ 150ಕ್ಕೂ ಹೆಚ್ಚು ಟ್ಯಾಂಕು. ಹುಡುಗನ ದನಿ ಏರಿದಾಗ ನಮ್ಮ ಉಸಿರೂ ಏರಿತು. ಭಾಷಣದುದ್ದಕ್ಕೂ ಅವನು ಕೇರಿಯಸ್‌ನನ್ನು ‘ಅವರು’ ಎಂದೇ ಕರೆದ. ಮೊದಲ ಬಹುಮಾನ ಅವನಿಗೇ ಬಂತು. ಮೂವರಲ್ಲಿ ಅತಿ ಹೆಚ್ಚು ಅಂಕ ಕೊಟ್ಟವನು ನಾನು.

ಸಂಜೆ ಚಿಂತಾಮಣಿ ಬಸ್ಸಿನಲ್ಲಿ ಅವನು ನನ್ನ ಪಕ್ಕದಲ್ಲೇ ಕೂತ. ತೊಡೆಯ ಮೇಲೆ ಟ್ರೋಫಿ. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ, ಅಪ್ಪ ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಹೋಗುತ್ತಾರೆ, ತನಗೆ ಸೈನ್ಯಕ್ಕೆ ಸೇರುವ ಆಸೆ ಎಂದೆಲ್ಲ ಹೇಳಿದ. ನಾನು ಮಾತಿಗೆ ಮಾತು ಸೇರಿಸುವಂತೆ ಕೇಳಿದೆ: “ಅಲ್ಲಪ್ಪಾ, ಅವನು ಹಿಟ್ಲರನ ಸೈನ್ಯದಲ್ಲಿದ್ದವನಲ್ವಾ?”

“ಇದ್ರೇನು ಸಾರ್? ಅವ್ರು ಎಸ್‌ಎಸ್ ಅಲ್ಲ. ಕ್ಯಾಂಪಿನಲ್ಲಿ ಯಾರನ್ನೂ ಕೊಂದಿಲ್ಲ. ಬರೀ ಸೋಲ್ಜರ್. ಎದುರಿಗೆ ಬಂದ ಟ್ಯಾಂಕ್ ಹೊಡೆದ್ರು. ಅವ್ರು ಏನು ತಪ್ಪು ಮಾಡವ್ರೆ, ನೀವೇ ಹೇಳಿ ಸಾರ್.”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಶಿಡ್ಲಘಟ್ಟ ಬಂತು, ಹುಡುಗ ನಮಸ್ಕಾರ ಹೇಳಿ ಇಳಿದು ಹೋದ. ಚಿಂತಾಮಣಿವರೆಗೂ ಆ ಪ್ರಶ್ನೆ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು. ಈ ಬರಹ ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ. ಅವನಿಗಷ್ಟೇ ಅಲ್ಲ, ಅಂಕ ಕೊಟ್ಟ ನನಗೂ.

ಮೊದಲು ಒಂದು ಮಾತು. ಕೇರಿಯಸ್ ಮೇಲೆ ನನಗೆ ವೈಯಕ್ತಿಕ ಕೋಪವಿಲ್ಲ. ಅವನು ಹುಟ್ಟಿದ್ದು 1922ರಲ್ಲಿ, ಜರ್ಮನಿಯ ತ್ಸ್ವೈಬ್ರ್ಯೂಕೆನ್ ಎಂಬ ಊರಿನಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅವನಿಗೆ ಹತ್ತು ವರ್ಷ. 1940ರಲ್ಲಿ ಸೈನ್ಯ ಸೇರಿದಾಗ ಹದಿನೆಂಟು. ಆ ಕಾಲದ ಶಾಲೆ, ರೇಡಿಯೊ, ಪೆರೇಡುಗಳ ನಡುವೆ ಬೆಳೆದ ಹುಡುಗ ಬೇರೆ ಏನಾಗಬಹುದಿತ್ತು ಎಂದು ಚಿಂತಾಮಣಿಯಲ್ಲಿ ಕೂತು ತೀರ್ಪು ಹೇಳುವುದು ಸುಲಭ, ಹಾಗೆ ಹೇಳುವುದಿಲ್ಲ. ಅವನು ಧೈರ್ಯಶಾಲಿ ಎಂಬುದರಲ್ಲೂ ನನಗೆ ಅನುಮಾನವಿಲ್ಲ. ನನ್ನ ತಕರಾರು ಅವನ ಧೈರ್ಯದ ಬಗ್ಗೆ ಅಲ್ಲ. ಆ ಧೈರ್ಯವನ್ನು ನಾವು ಹೇಗೆ ಕತ್ತರಿಸಿ, ತೊಳೆದು, ಒಣಗಿಸಿ, ಒಂದು ನಿಮಿಷದ ವಿಡಿಯೊ ಮಾಡಿ ಮೊಬೈಲಿನಿಂದ ಮೊಬೈಲಿಗೆ ದಾಟಿಸುತ್ತೇವೆ ಎಂಬುದರ ಬಗ್ಗೆ.

ಆ ವಿಡಿಯೊಗಳಲ್ಲಿ ಇರುವುದು ಮೂರೇ ಸಂಗತಿ: ಟ್ಯಾಂಕು, ಪದಕ, ಸಂಖ್ಯೆ. ಇಲ್ಲದಿರುವುದು ಏನು ಎಂದು ನೋಡೋಣ.

ಒಂದು, ಜಾಗ ಇಲ್ಲ. ಕೇರಿಯಸ್ 1941ರಲ್ಲಿ ಸೋವಿಯತ್ ಒಕ್ಕೂಟದ ಮೇಲಿನ ದಾಳಿಯಲ್ಲಿದ್ದ. ಮುಂದೆ ಅವನು ಸೇರಿದ್ದು ಟೈಗರ್ ಟ್ಯಾಂಕುಗಳಿದ್ದ 502ನೇ ಬಟಾಲಿಯನ್. 1943ರ ಬೇಸಿಗೆಯಲ್ಲಿ ಆ ಬಟಾಲಿಯನ್ ಕಾದಾಡುತ್ತಿದ್ದದ್ದು ಲಡೋಗಾ ಸರೋವರದ ದಕ್ಷಿಣಕ್ಕೆ, ಅಂದರೆ ಲೆನಿನ್‌ಗ್ರಾಡ್ ನಗರದ ಮುತ್ತಿಗೆಯ ಸಾಲಿನಲ್ಲಿ. ಆ ಮುತ್ತಿಗೆ 1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ ನಡೆಯಿತು. ಊರನ್ನು ಗೆಲ್ಲುವುದಕ್ಕಿಂತ ಹಸಿವಿನಿಂದ ಸಾಯಿಸುವುದು ಹಿಟ್ಲರನ ಯೋಜನೆಯಾಗಿತ್ತು. ಮೊದಲ ಚಳಿಗಾಲದಲ್ಲಿ ಅಲ್ಲಿನ ಮಕ್ಕಳಿಗೆ ದಿನಕ್ಕೆ ಸಿಗುತ್ತಿದ್ದ ರೊಟ್ಟಿ 125 ಗ್ರಾಂ. ಸತ್ತ ನಾಗರಿಕರ ಅಧಿಕೃತ ಲೆಕ್ಕವೇ ಆರು ಲಕ್ಷ ದಾಟುತ್ತದೆ. ಆ ಮುತ್ತಿಗೆಯನ್ನು ಒಡೆದು ಊರಿಗೆ ದಾರಿ ಮಾಡಲು ಬರುತ್ತಿದ್ದವು ಕೆಂಪು ಸೇನೆಯ ಟ್ಯಾಂಕುಗಳು. “ಎದುರಿಗೆ ಬಂದ ಟ್ಯಾಂಕ್ ಹೊಡೆದ್ರು” ಎಂದನಲ್ಲ ಹುಡುಗ, ಆ ಸಾಲಿನಲ್ಲಿ ಎದುರಿಗೆ ಬರುತ್ತಿದ್ದ ಟ್ಯಾಂಕು ಬರುತ್ತಿದ್ದದ್ದು ಅದಕ್ಕೆ. ಕೇರಿಯಸ್ ಯಾವ ಮಗುವಿನ ಕೈಯಿಂದಲೂ ರೊಟ್ಟಿ ಕಸಿಯಲಿಲ್ಲ. ಅವನು ಮತ್ತು ಅವನಂಥವರು ಚೆನ್ನಾಗಿ ಗುರಿ ಇಟ್ಟದ್ದರಿಂದ ರೊಟ್ಟಿ ಬರುವುದು ತಡವಾಯಿತು.

ಎರಡು, ಜನ ಇಲ್ಲ. ಆ ಕಾಲದ ರಷ್ಯದ ಟ್ಯಾಂಕಿನೊಳಗೆ ನಾಲ್ಕೈದು ಜನ ಇರುತ್ತಿದ್ದರು. ‘150 ಟ್ಯಾಂಕು’ ಎಂದಾಗ ನಾವು ಕಬ್ಬಿಣ ಎಣಿಸುತ್ತೇವೆ, ಒಳಗಿದ್ದವರನ್ನು ಎಣಿಸುವುದಿಲ್ಲ. ಒಳಗಿದ್ದವರೂ ಆ ಶಿಡ್ಲಘಟ್ಟದ ಹುಡುಗನ ವಯಸ್ಸಿನವರೇ. ಜರ್ಮನರ ಕೈಗೆ ಸೆರೆ ಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ಹಸಿವು, ಚಳಿ, ಗುಂಡಿಗೆ ಸತ್ತರು. ಇದು ಎಸ್‌ಎಸ್‌ನವರೊಬ್ಬರದೇ ಕೆಲಸವಲ್ಲ. ಆ ಸೆರೆಶಿಬಿರಗಳಲ್ಲಿ ಬಹುಪಾಲು ಇದ್ದದ್ದು ‘ಬರೀ ಸೋಲ್ಜರ್’ಗಳಿದ್ದ ಅದೇ ಸಾಮಾನ್ಯ ಸೇನೆಯ ವಶದಲ್ಲಿ.

ಮೂರು, ಪದಕ ಇದೆ, ಕೊಟ್ಟ ಕೈ ಇಲ್ಲ. ಕೇರಿಯಸ್‌ಗೆ 1944ರ ಮೇ 4ರಂದು ನೈಟ್ಸ್ ಕ್ರಾಸ್ ಬಂತು, ಜುಲೈ 27ರಂದು ಅದರ ಮೇಲಿನ ಓಕ್ ಎಲೆಯ ಗೌರವ ಬಂತು. ಆ ಹೊತ್ತಿಗೆ ಅವನು ಮೈತುಂಬ ಗುಂಡು ತಿಂದು ಆಸ್ಪತ್ರೆಯಲ್ಲಿದ್ದ. ಚೇತರಿಸಿಕೊಂಡ ಮೇಲೆ ಆ ಓಕ್ ಎಲೆಯನ್ನು ಅವನಿಗೆ ಕೊಟ್ಟವನು ಹೆನ್ರಿಕ್ ಹಿಮ್ಲರ್. ಎಸ್‌ಎಸ್‌ನ ಮುಖ್ಯಸ್ಥ, ಲಕ್ಷಾಂತರ ಯಹೂದಿಗಳನ್ನು ಕೊಂದ ಶಿಬಿರಗಳ ಯಜಮಾನ. ಇದು ಭಾಷಣದಲ್ಲಿ ಬರಲಿಲ್ಲ. ಹುಡುಗ ಬೇಕೆಂದೇ ಬಚ್ಚಿಟ್ಟ ಎಂದಲ್ಲ. ಅವನಿಗೆ ಸಿಕ್ಕ ವಿಡಿಯೊದಲ್ಲೇ ಅದು ಇರಲಿಲ್ಲ.

ಯುದ್ಧ ಮುಗಿದ ಮೇಲೆ ಕೇರಿಯಸ್ ಔಷಧಶಾಸ್ತ್ರ ಓದಿ ಔಷಧದ ಅಂಗಡಿ ಇಟ್ಟ. ಅಂಗಡಿಗೆ ಇಟ್ಟ ಹೆಸರು ತನ್ನ ಟ್ಯಾಂಕಿನದೇ, ‘ಟೈಗರ್’. 1960ರಲ್ಲಿ ಅವನ ಯುದ್ಧದ ನೆನಪುಗಳು ಪುಸ್ತಕವಾಗಿ ಬಂದವು. 2015ರಲ್ಲಿ ತೀರಿಕೊಂಡ. ಹದಿನೆಂಟರ ಹುಡುಗನಿಗೆ ನಾನು ವಿನಾಯಿತಿ ಕೊಟ್ಟೆ. ಮೂವತ್ತೆಂಟರ ಲೇಖಕನಿಗೆ ಕೊಡಲಾರೆ. ಆ ಹೊತ್ತಿಗೆ ನ್ಯೂರೆಂಬರ್ಗ್ ವಿಚಾರಣೆ ಮುಗಿದು ಹದಿನಾಲ್ಕು ವರ್ಷ ಆಗಿತ್ತು. ಗೊತ್ತಾಗಬೇಕಾದದ್ದೆಲ್ಲ ಗೊತ್ತಾಗಿತ್ತು. ಆದರೂ ಆ ಪುಸ್ತಕದ ಕಾಳಜಿ ಜರ್ಮನ್ ಸೈನಿಕನ ಮಾನ ಉಳಿಸುವುದು.

ಈಗ ಹುಡುಗನ ಪರವಾಗಿ ಹೇಳಬಹುದಾದ ಮಾತುಗಳಿಗೆ ಬರುತ್ತೇನೆ. ಮೊದಲನೆಯದು ‘ಅವನು ಆಜ್ಞೆ ಪಾಲಿಸಿದ, ಅಷ್ಟೆ’ ಎಂಬುದು.

ಈ ಮಾತನ್ನು ಬೇರೆ ಯಾವ ಊರಿನವರು ಹೇಳಿದರೂ ಹೇಳಲಿ, ನಮ್ಮ ಜಿಲ್ಲೆಯವರು ಹೇಳುವ ಮೊದಲು ಒಮ್ಮೆ ಗೌರಿಬಿದನೂರಿನ ಕಡೆ ಹೋಗಿ ಬರಬೇಕು. ಅಲ್ಲಿಂದ ಸ್ವಲ್ಪ ದೂರದಲ್ಲೇ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಸಾವಿರಾರು ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸುತ್ತಲ ಹಳ್ಳಿಗಳಿಂದ ಬಂದವರು, ಕೈಯಲ್ಲಿ ಆಯುಧವಿಲ್ಲದವರು ಸತ್ತರು. ಅದಾದ ಕೆಲವೇ ದಿನಗಳಲ್ಲಿ ಮಿರ್ಜಾ-ಪಟೇಲ್ ಒಪ್ಪಂದ ಆಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದಾಯಿತು. ಇಂದು ಅಲ್ಲಿ ಸ್ತೂಪ ಇದೆ, ಸತ್ತವರ ಹೆಸರುಗಳಿವೆ.

ಅಂದು ಬಂದೂಕು ಹಿಡಿದಿದ್ದ ಪೊಲೀಸರೂ ಆಜ್ಞೆ ಪಾಲಿಸಿದವರೇ. ಅವರಲ್ಲಿ ಗುರಿಕಾರರೂ ಇದ್ದಿರಬಹುದು. ಮನೆಗೆ ಹೋಗಿ ಹೆಂಡತಿ ಮಕ್ಕಳನ್ನು ಪ್ರೀತಿಯಿಂದ ಮಾತಾಡಿಸಿದವರೂ ಇದ್ದಿರಬಹುದು. ಯಾರು ಎಷ್ಟು ಗುಂಡು ಹಾರಿಸಿದರು, ಯಾರ ಗುರಿ ತಪ್ಪಲಿಲ್ಲ ಎಂದು ನಾವು ಕೇಳಿದ್ದೇವೆಯೇ? ಅವರಿಗೆ ಸ್ತೂಪ ಕಟ್ಟಿದ್ದೇವೆಯೇ? ಇಲ್ಲ. ಯಾಕೆಂದರೆ ಗುಂಡಿನ ಎದುರು ನಿಂತಿದ್ದವರು ನಮ್ಮ ಅಜ್ಜ ಮುತ್ತಜ್ಜಂದಿರು. ದೂರದ ಲೆನಿನ್‌ಗ್ರಾಡಿನಲ್ಲಿ ಎದುರು ನಿಂತಿದ್ದವರು ನಮ್ಮವರಲ್ಲ. ಆದ್ದರಿಂದ ಅಲ್ಲಿ ಗುರಿಕಾರ ವೀರನಾಗಿ ಕಾಣುತ್ತಾನೆ. ಇಷ್ಟೇ ವ್ಯತ್ಯಾಸ. ಇದು ನ್ಯಾಯವಲ್ಲ, ದೂರ ನಿಂತು ನೋಡುವವರ ಆರಾಮ.

ಆ ಊರಿನ ಹೆಸರನ್ನೇ ನೋಡಿ. ವಿದುರ ನೆಟ್ಟ ಅಶ್ವತ್ಥ ಎಂಬುದು ಅಲ್ಲಿನ ಸ್ಥಳಪುರಾಣ. ವಿದುರ ಯಾರು? ಕುಮಾರವ್ಯಾಸನ ಭಾರತ ಓದಿದವರಿಗೆ, ಗಮಕ ಕೇಳಿದವರಿಗೆ ಗೊತ್ತು: ದುರ್ಯೋಧನ ಸಭೆಯಲ್ಲಿ ಹೀಯಾಳಿಸಿದಾಗ ತನ್ನ ಬಿಲ್ಲನ್ನೇ ಮುರಿದು ಹಾಕಿದವನು. ಭೀಷ್ಮ, ದ್ರೋಣ ಅನ್ನದ ಋಣ ಎಂದು ಯುದ್ಧಕ್ಕೆ ನಿಂತರು. ಅದೇ ಅರಮನೆಯ ಅನ್ನ ಉಂಡ ವಿದುರ ನಿಲ್ಲಲಿಲ್ಲ. ಆಜ್ಞೆಯೊಂದೇ ದಾರಿ, ಬೇರೆ ದಾರಿ ಇರಲಿಲ್ಲ ಎಂಬ ವಾದ ನಮ್ಮ ಜಿಲ್ಲೆಯಲ್ಲಿ ನಿಲ್ಲುವುದಿಲ್ಲ. ಬಿಲ್ಲು ಮುರಿದವನ ಹೆಸರಿನಲ್ಲಿ ಊರಿದೆ, ರೈಲು ನಿಲ್ದಾಣವೂ ಇದೆ.

ಎರಡನೆಯ ವಾದ ಸಾಹಿತ್ಯದ ವಿದ್ಯಾರ್ಥಿಗಳದು. ನನ್ನ ತರಗತಿಯಲ್ಲೇ ಒಬ್ಬಳು ಕೇಳಿದಳು: “ಸಾರ್, ರನ್ನ ದುರ್ಯೋಧನನನ್ನ ಮೆಚ್ಚಬಹುದು, ನಾವು ಜರ್ಮನ್ನರನ್ನ ಮೆಚ್ಚಬಾರದಾ?”

ಒಳ್ಳೆಯ ಪ್ರಶ್ನೆ. ಶತ್ರುವಿನ ಶೌರ್ಯವನ್ನೂ ಕಾಣುವ ಕಣ್ಣು ಕನ್ನಡ ಕಾವ್ಯದ ದೊಡ್ಡ ಗುಣ. ಆದರೆ ರನ್ನ ಆ ಮೆಚ್ಚುಗೆಗೆ ಮುನ್ನ ದುರ್ಯೋಧನನನ್ನು ಎಲ್ಲಿ ನಡೆಸುತ್ತಾನೆ? ‘ಗದಾಯುದ್ಧ’ದಲ್ಲಿ ಅವನು ಹೆಣಗಳ ನಡುವೆ ನಡೆಯುತ್ತಾನೆ. ತನಗಾಗಿ ಸತ್ತ ದ್ರೋಣನನ್ನು ನೋಡುತ್ತಾನೆ, ಮಗ ಲಕ್ಷಣಕುಮಾರನನ್ನು, ತಮ್ಮ ದುಶ್ಶಾಸನನನ್ನು, ಕರ್ಣನನ್ನು ನೋಡುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಕೈ ಮುಗಿಯುತ್ತಾನೆ. ರನ್ನ ಅವನಿಂದ ಪ್ರತಿಯೊಂದು ಹೆಣದ ಲೆಕ್ಕ ಕೇಳಿದ ಮೇಲೆ ನಮ್ಮ ಕಣ್ಣಲ್ಲಿ ನೀರು ತರಿಸುತ್ತಾನೆ. ದ್ರೌಪದಿಯ ಮುಡಿಯನ್ನೂ ಮರೆಯಲು ಬಿಡುವುದಿಲ್ಲ. ಈಗ ಹೇಳಿ, ಟ್ಯಾಂಕಿನ ಆ ವಿಡಿಯೊದಲ್ಲಿ ಒಂದಾದರೂ ಹೆಣ ಇದೆಯೇ? ಕೇರಿಯಸ್ ಲೆನಿನ್‌ಗ್ರಾಡಿನ ಬೀದಿಯಲ್ಲಿ ನಡೆಯುವ ದೃಶ್ಯ ಇದೆಯೇ? ಅದು ಇರುವ ಕತೆಯನ್ನು ಯಾರಾದರೂ ಬರೆಯಲಿ, ನಾನು ಮೊದಲ ಓದುಗನಾಗುತ್ತೇನೆ. ರನ್ನನ ಹೆಸರು ಹೇಳಿ ಅಂಕಪಟ್ಟಿ ಓದಬೇಡಿ.

ವೀರರನ್ನು ನೆನೆಯುವುದು ಹೇಗೆಂದು ನಮಗೆ ಹೊರಗಿನವರು ಕಲಿಸಬೇಕಾಗಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ವೀರಗಲ್ಲುಗಳು ನಿಂತಿವೆ. ತುರು ಕದಿಯಲು ಬಂದವರನ್ನು ತಡೆದು ದನ ಮರಳಿಸಿ ಸತ್ತವನಿಗೆ ಕಲ್ಲು. ಊರಿನ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವನಿಗೆ ಕಲ್ಲು. ಒಡೆಯನ ಯುದ್ಧಕ್ಕೆ ಹೋಗಿ ಸತ್ತವನಿಗೂ ಕಲ್ಲುಂಟು, ಅದನ್ನು ಬಚ್ಚಿಡುವುದಿಲ್ಲ. ಆದರೆ ನಾನು ಓದಬಲ್ಲ ಬರಹ ಉಳಿದಿರುವ ಕಲ್ಲುಗಳಲ್ಲಿ ಒಂದು ಸಂಗತಿ ತಪ್ಪದೆ ಇರುತ್ತದೆ: ಅವನು ಯಾರಿಗಾಗಿ, ಯಾವುದಕ್ಕಾಗಿ ಸತ್ತ ಎಂಬುದು. ‘ಎಷ್ಟು ಹೊಡೆದ’ ಎಂಬ ಸಂಖ್ಯೆಯೊಂದೇ ಇದ್ದು ‘ಯಾವುದಕ್ಕೆ’ ಎಂಬುದು ಇಲ್ಲದ ಕಲ್ಲನ್ನು ನಾನು ನೋಡಿಲ್ಲ.

ಚಿಂತಾಮಣಿಗೆ ಹತ್ತಿರದ ಕೈವಾರದಲ್ಲಿ ಭೀಮ ಬಕಾಸುರನನ್ನು ಕೊಂದ ಎಂದು ಜನ ನಂಬುತ್ತಾರೆ. ಅಜ್ಜಿಯರು ಆ ಕತೆ ಹೇಳುವಾಗ ಹೊಡೆದಾಟಕ್ಕಿಂತ ಮೊದಲು ಬರುವುದು ಗಾಡಿ ಅನ್ನ, ಮನೆಗೊಬ್ಬ ಆಳು, ಇವತ್ತು ಯಾರ ಮನೆಯ ಸರದಿ ಎಂಬ ಅಳು. ಕತೆ ಕೇಳುವ ಮಗುವಿಗೆ ಮೊದಲು ಆ ಮನೆಯವರ ಸಂಕಟ ಗೊತ್ತಾಗುತ್ತದೆ, ಆಮೇಲೆ ಭೀಮನ ಬಲ. ಆ ಅಳುವನ್ನು ಕತ್ತರಿಸಿ ಬರೀ ಹೊಡೆದಾಟ ಇಟ್ಟರೆ ಭೀಮನಿಗೂ ಬಕನಿಗೂ ಏನು ವ್ಯತ್ಯಾಸ ಉಳಿಯುತ್ತದೆ?

ಮೂರನೆಯ ಮಾತು: “ಹೋಗಲಿ ಬಿಡಿ ಸಾರ್, ಗೇಮ್ ಆಡೋ ಹುಡುಗರು, ಇಷ್ಟು ಗಂಭೀರ ಯಾಕೆ?” ಇದನ್ನು ಹೇಳಿದ್ದು ನನ್ನ ಸಹೋದ್ಯೋಗಿಗಳೇ. ಅವರಿಗೆ ನನ್ನ ಉತ್ತರ ಸರಳ. ಜರ್ಮನರು ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ‘ಎಸ್‌ಎಸ್ ಕೆಟ್ಟದ್ದು, ಸಾಮಾನ್ಯ ಸೇನೆ ಶುದ್ಧ’ ಎಂಬ ನಂಬಿಕೆ ಅಲ್ಲಿಯೂ ದಶಕಗಳ ಕಾಲ ಇತ್ತು. 1995ರಲ್ಲಿ ಹ್ಯಾಂಬರ್ಗಿನ ಸಂಶೋಧನಾ ಸಂಸ್ಥೆಯೊಂದು ಸೇನೆಯ ಅಪರಾಧಗಳ ಬಗ್ಗೆ ಪ್ರದರ್ಶನ ಏರ್ಪಡಿಸಿ ಊರೂರು ಸುತ್ತಿಸಿತು. ದೊಡ್ಡ ಗಲಾಟೆಯೇ ಆಯಿತು. ಕೆಲವು ಚಿತ್ರಗಳ ವಿವರ ತಪ್ಪೆಂದು ಗೊತ್ತಾಗಿ ಪ್ರದರ್ಶನವನ್ನು ನಿಲ್ಲಿಸಿ, ತಿದ್ದಿ, ಮತ್ತೆ ತೆರೆದರು. ಮುಖ್ಯ ಮಾತು ಮಾತ್ರ ಉಳಿಯಿತು. 2018ರಲ್ಲಿ ಜರ್ಮನಿಯ ಇಂದಿನ ಸೇನೆ ತನ್ನ ಪರಂಪರೆಯ ನಿಯಮಗಳನ್ನು ಹೊಸದಾಗಿ ಬರೆದಾಗ, ಹಿಟ್ಲರನ ಕಾಲದ ಸೇನೆ ಸಂಸ್ಥೆಯಾಗಿ ತನಗೆ ಮಾದರಿಯಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಆ ದೇಶದ ಸೈನ್ಯವೇ ತನ್ನ ಪರಂಪರೆಯಿಂದ ಹೊರಗಿಟ್ಟ ಸೇನೆಯ ಅಧಿಕಾರಿಗೆ ಚಿಕ್ಕಬಳ್ಳಾಪುರದ ವೇದಿಕೆಯಲ್ಲಿ ನಾವು ಟ್ರೋಫಿ ಕೊಟ್ಟೆವು. ಕೊಟ್ಟವರಿಗೆ ಇದು ಗೊತ್ತಿರಲಿಲ್ಲ ಎಂಬುದು ಸಮಾಧಾನದ ಮಾತಲ್ಲ.

ಇನ್ನು ಆ ಯುದ್ಧ ನಮಗೆ ದೂರದ್ದೂ ಅಲ್ಲ. ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ಮೈಸೂರು ಸಂಸ್ಥಾನದ ರೇಷ್ಮೆಗೆ ಬೇಡಿಕೆ ಏರಿದ್ದು ಆ ಯುದ್ಧದಲ್ಲೇ. ಹುಡುಗನ ಮನೆಯ ಕಸುಬಿನ ಇತಿಹಾಸದಲ್ಲೇ ಅದರ ಒಂದು ಎಳೆ ಇದೆ. ಸುಮಾರು 25 ಲಕ್ಷ ಭಾರತೀಯರು ಆ ಯುದ್ಧದಲ್ಲಿ ಸೈನಿಕರಾಗಿದ್ದರು. ಅವರಲ್ಲಿ ಒಬ್ಬರ ಕತೆಯನ್ನು ಹುಡುಗನಿಗೆ ಹೇಳಬೇಕಿತ್ತು. ಬಸ್ಸಿನಲ್ಲಿ ನನಗೆ ಹೊಳೆಯದ ಹೆಸರು ಅದು.

ರಾಮ ರಾಘೋಬಾ ರಾಣೆ. ಹುಟ್ಟಿದ್ದು 1918ರ ಜೂನ್ 26ರಂದು, ಕಾರವಾರದ ಹತ್ತಿರದ ಚೆಂಡಿಯಾದಲ್ಲಿ. ತಂದೆ ಪೊಲೀಸ್ ಕಾನ್‌ಸ್ಟೆಬಲ್. ಕೇರಿಯಸ್ ಸೈನ್ಯ ಸೇರಿದ 1940ರಲ್ಲೇ, ಜುಲೈ ತಿಂಗಳಲ್ಲಿ, ರಾಣೆ ಬಾಂಬೆ ಎಂಜಿನಿಯರ್ಸ್ ಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಬರ್ಮಾದಲ್ಲಿ ಜಪಾನೀಯರ ವಿರುದ್ಧ ಯುದ್ಧದಲ್ಲಿದ್ದರು. 1947ರ ಡಿಸೆಂಬರಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಅಂದಿನ ಸೈನ್ಯದ ಅಧಿಕಾರಿಗಳಲ್ಲಿ ಅದಕ್ಕಿಂತ ಕೆಳಗಿನ ದರ್ಜೆ ಇರಲಿಲ್ಲ.

1948ರ ಏಪ್ರಿಲ್ 8. ಜಮ್ಮುವಿನ ನೌಶೇರಾದಿಂದ ರಾಜೌರಿಗೆ ನಮ್ಮ ಟ್ಯಾಂಕುಗಳು ಹೊರಟಿದ್ದವು. ರಸ್ತೆಯ ತುಂಬ ನೆಲಬಾಂಬು, ಅಡ್ಡ ಕೆಡವಿದ ಪೈನ್ ಮರ, ಒಡೆದ ಸೇತುವೆ. ಅದನ್ನು ತೆರವು ಮಾಡುವ ತಂಡದ ಹೊಣೆ ರಾಣೆಯವರದು. ಕೆಲಸ ಶುರುವಾಗುವ ಮೊದಲೇ ಮಾರ್ಟರ್ ಗುಂಡು ಬಿದ್ದು ತಂಡದ ಇಬ್ಬರು ಸತ್ತರು, ಐವರು ಗಾಯಗೊಂಡರು. ಗಾಯಗೊಂಡವರಲ್ಲಿ ರಾಣೆಯೂ ಒಬ್ಬರು. ಉಳಿದವರನ್ನು ಕೂಡಿಸಿಕೊಂಡು ಅವರು ಕೆಲಸಕ್ಕೆ ಇಳಿದರು. ಆ ರಾತ್ರಿ ಹತ್ತರವರೆಗೆ, ಮರುದಿನ ಬೆಳಗ್ಗೆ ಆರರಿಂದ, ಅದರ ಮರುದಿನ ಐದಕ್ಕೂ ಮೊದಲು ಎದ್ದು, ಮೆಷಿನ್ ಗನ್ನಿನ ಗುಂಡಿನ ನಡುವೆ, ನಾಲ್ಕು ದಿನ ಟ್ಯಾಂಕುಗಳಿಗೆ ದಾರಿ ಮಾಡಿದರು. ಒಂದು ಕಡೆ ಟ್ಯಾಂಕಿನ ಅಡಿಗೆ ನುಸುಳಿ, ಅದರ ಜೊತೆಯಲ್ಲೇ ತೆವಳುತ್ತ, ಮುಂದೆ ಹೋಗು ನಿಲ್ಲು ಎಂಬುದನ್ನು ಚಾಲಕನಿಗೆ ಹಗ್ಗ ಜಗ್ಗಿ ತಿಳಿಸುತ್ತ ಬಾಂಬು ತೆಗೆದರು. ಏಪ್ರಿಲ್ 11ರಂದು ಚಿಂಗಸ್‌ವರೆಗೆ ದಾರಿ ತೆರೆಯಿತು. ನಮ್ಮ ಪಡೆ ರಾಜೌರಿ ತಲುಪಿತು. ಅಲ್ಲಿ ಸಿಕ್ಕಿಬಿದ್ದಿದ್ದ ಬಹಳ ಮಂದಿ ನಾಗರಿಕರ ಜೀವ ಉಳಿಯಿತು. ರಾಣೆಯವರಿಗೆ ಪರಮವೀರ ಚಕ್ರ ಬಂತು.

ಇಲ್ಲಿಯೂ ಇರುವುದು ಟ್ಯಾಂಕು, ಕಿರಿಯ ಅಧಿಕಾರಿ, ದೇಶದ ದೊಡ್ಡ ಪದಕ. ಆದರೆ ರಾಣೆಯವರು ಎಷ್ಟು ಜನರನ್ನು ಕೊಂದರು? ಆ ಪದಕದ ವಿವರಣೆಯಲ್ಲಿ ಅಂಥ ಸಂಖ್ಯೆಯೇ ಇಲ್ಲ. ಅಲ್ಲಿರುವುದು ಹೊತ್ತು, ಮೈಲಿ, ಅಡ್ಡಗಟ್ಟಿದ ಮರ, ತೆರವಾದ ರಸ್ತೆ. ಲೆನಿನ್‌ಗ್ರಾಡಿನ ಸಾಲಿನಲ್ಲಿ ಕೇರಿಯಸ್ ಒಂದು ಊರಿಗೆ ದಾರಿ ತೆರೆಯದಂತೆ ತಡೆದವರ ಜೊತೆಗಿದ್ದ. ರಾಣೆ ಒಂದು ಊರಿಗೆ ದಾರಿ ತೆರೆದರು. ಇಬ್ಬರೂ ಧೈರ್ಯಶಾಲಿಗಳು. ಇಬ್ಬರೂ ಆಜ್ಞೆ ಪಾಲಿಸಿದವರು. ಇಬ್ಬರೂ ಒಂದೇ ಎನ್ನಲು ಸಾಧ್ಯವೇ?

ಇಲ್ಲಿ ಚುರುಕಾದ ಓದುಗರು ನನ್ನ ಕೈ ಹಿಡಿಯುತ್ತಾರೆಂದು ಗೊತ್ತು: ‘ಅವರ ವೀರನನ್ನು ಇಳಿಸಿ ನಮ್ಮ ವೀರನನ್ನು ಕೂರಿಸಿದಿರಿ, ಅಷ್ಟೇ ತಾನೆ?’ ಅಲ್ಲ. ರಾಣೆ ನಮ್ಮವರೆಂದು ನಾನು ಮೆಚ್ಚುತ್ತಿಲ್ಲ. ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದವರೂ ನಮ್ಮವರೇ, ಅವರನ್ನು ನಾನು ಮೆಚ್ಚಲಿಲ್ಲ. 1948ರ ಆ ಯುದ್ಧದಲ್ಲಿ ಎದುರು ಪಕ್ಷದಲ್ಲೂ ತಾಯಂದಿರಿದ್ದ ಮಕ್ಕಳು ಸತ್ತರು; ರಾಣೆಯ ಕತೆ ಹೇಳುವವರು ಅದನ್ನು ಮುಚ್ಚಿಟ್ಟರೆ ಅವರನ್ನೂ ಇದೇ ರೀತಿ ತರಾಟೆಗೆ ತೆಗೆದುಕೊಳ್ಳಬೇಕು. ನಾನು ಕೇಳುತ್ತಿರುವುದು ಇಷ್ಟೇ: ಯಾವ ವೀರನ ಹೆಸರು ಹೇಳಿದರೂ ಮೂರು ಪ್ರಶ್ನೆ ಕೇಳಿ. ಯಾರ ಪರವಾಗಿ? ಯಾವುದಕ್ಕಾಗಿ? ಎದುರಿಗೆ ಇದ್ದವರು ಯಾರು? ಈ ಮೂರಕ್ಕೆ ಉತ್ತರ ಕೊಟ್ಟ ಮೇಲೂ ಮೆಚ್ಚುಗೆ ಉಳಿದರೆ ಉಳಿಯಲಿ. ರಾಣೆಯ ವಿಷಯದಲ್ಲಿ ನನಗೆ ಉಳಿಯಿತು. ಕೇರಿಯಸ್ ವಿಷಯದಲ್ಲಿ ಉಳಿಯಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಕುಟುಕುತ್ತದೆ. ರಾಣೆ ಎಂಜಿನಿಯರ್ ಪಡೆಯವರು. ನಮ್ಮದು ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ ಇರುವ ಜಿಲ್ಲೆ. ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಹಾರ ಹಾಕಿ, ದಾರಿ ಮಾಡುವವನು, ನೀರು ತರುವವನು ದೊಡ್ಡವನು ಎಂದು ಮೈಕಿನಲ್ಲಿ ಹೇಳುತ್ತೇವೆ. ಅದನ್ನು ಗುಂಡಿನ ಮಳೆಯಲ್ಲಿ ಮಾಡಿದ ಕನ್ನಡ ನೆಲದ ಮನುಷ್ಯನ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆ ಇದೆ. 2023ರಲ್ಲಿ ಅಂಡಮಾನಿನ 21 ದ್ವೀಪಗಳಿಗೆ ಪರಮವೀರ ಚಕ್ರ ಪಡೆದವರ ಹೆಸರಿಟ್ಟಾಗ ಒಂದಕ್ಕೆ ಅವರ ಹೆಸರೂ ಬಂತು. ಆದರೆ ಅಂದು ಬೆಳಗ್ಗೆಯಿಂದ ನಡೆದ ಭಾಷಣಗಳಲ್ಲಿ ಒಬ್ಬರೂ ಆ ಹೆಸರು ಎತ್ತಲಿಲ್ಲ. ಜರ್ಮನಿಯ ಲೆಫ್ಟಿನೆಂಟ್ ಶಿಡ್ಲಘಟ್ಟಕ್ಕೆ ಬಂದ, ಕಾರವಾರದ ಲೆಫ್ಟಿನೆಂಟ್ ಬರಲಿಲ್ಲ. ಇದಕ್ಕೆ ಆ ಹುಡುಗನನ್ನು ಬೈದರೆ ಏನು ಬಂತು? ಅವನಿಗೆ ಸಿಕ್ಕಿದ್ದನ್ನು ಅವನು ಓದಿದ, ಚೆನ್ನಾಗಿಯೇ ಓದಿದ. ನಾವು ಏನನ್ನೂ ಕೊಟ್ಟಿರಲಿಲ್ಲ. ಪಾಠ ಹೇಳುವವರು ಖಾಲಿ ಬಿಟ್ಟ ಜಾಗದಲ್ಲಿ ಯಾರೋ ವಿಡಿಯೊ ಹಾಕಿದರು.

ನಾಳೆ ಅವನು ಸೈನ್ಯ ಸೇರುತ್ತಾನೆ ಅಂದುಕೊಳ್ಳೋಣ. ಸೇರಲಿ, ಒಳ್ಳೆಯ ಸೈನಿಕನಾಗಲಿ. ಆದರೆ ಯಾವತ್ತೋ ಒಂದು ದಿನ ಅವನ ಮುಂದೆ ಒಂದು ಆಜ್ಞೆ ಬರುತ್ತದೆ, ಎದುರಿಗೆ ಒಂದು ಗುಂಪು ನಿಂತಿರುತ್ತದೆ. ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ‘ಎಷ್ಟು’ ಎಂಬ ಪ್ರಶ್ನೆ ಇರಬೇಕೋ ‘ಯಾರು, ಯಾಕೆ’ ಎಂಬ ಪ್ರಶ್ನೆ ಇರಬೇಕೋ? ಇದು ಸಾಹಿತ್ಯದ ಚರ್ಚೆ ಅಲ್ಲ. ಗೌರಿಬಿದನೂರಿನ ಜನ ಆ ಪ್ರಶ್ನೆಗೆ ಒಮ್ಮೆ ಬೆಲೆ ತೆತ್ತಿದ್ದಾರೆ.

ಅಂದಿನ ತೀರ್ಪಿನ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ನಾಲ್ಕು ಕಾಲಂ: ವಿಷಯ ಮಂಡನೆ, ಭಾಷೆ ಮತ್ತು ಉಚ್ಚಾರಣೆ, ಹಾವಭಾವ, ಸಮಯಪಾಲನೆ. ಹೇಳಿದ್ದು ನಿಜವೇ, ಹೇಳದೆ ಬಿಟ್ಟದ್ದು ಏನು ಎಂದು ನೋಡುವ ಕಾಲಂ ಇಲ್ಲ. ಅದಕ್ಕೇ ನಾನು ಅಷ್ಟು ಅಂಕ ಕೊಟ್ಟೆ, ಕೊಡುವಾಗ ಕೈ ನಡುಗಲೂ ಇಲ್ಲ. ಬಹುಮಾನ ವಾಪಸ್ ಕೇಳುವಂತಿಲ್ಲ, ಕೇಳುವುದೂ ಇಲ್ಲ. ಹುಡುಗ ಚೆನ್ನಾಗಿ ಮಾತಾಡಿದ್ದಾನೆ. ಮುಂದಿನ ಸಲ ತೀರ್ಪುಗಾರನಾಗಿ ಕರೆದರೆ ಐದನೆಯ ಕಾಲಂ ಹಾಕದೆ ನಾನು ಕೂರುವುದಿಲ್ಲ.

ಅವನ ಫೋನ್ ನಂಬರು ಹುಡುಕಿ ಒಂದು ಮೆಸೇಜು ಕಳಿಸಿದ್ದೇನೆ: “ನಿನ್ನ ಪ್ರಶ್ನೆಗೆ ಉತ್ತರ ಬರೆದಿದ್ದೇನಪ್ಪ, ಸ್ವಲ್ಪ ಉದ್ದ ಆಯ್ತು. ಓದಿ ಜಗಳ ಆಡು. ಒಂದು ಭಾನುವಾರ ಬಿಡುವು ಮಾಡ್ಕೊ, ಗೌರಿಬಿದನೂರಿಗೆ ಹೋಗೋಣ. ವಿದುರಾಶ್ವತ್ಥದ ಸ್ತೂಪದ ಮೇಲಿರೋ ಹೆಸರುಗಳನ್ನ ನೀನು ಓದು. ನಿನ್ನ ಉಚ್ಚಾರಣೆ ಚೆನ್ನಾಗಿದೆ.”